ನನ್ನ ಅಕ್ಕ ಬಾಗಿಗೆ ಮೂರ್ಛೆರೋಗ ಇರಲಿಲ್ಲ

ಸೇನಾ ಅಧಿಕಾರಿ ತರಬೇತಿಯ ವೈದ್ಯಕೀಯ ಮೇಲ್ಮನವಿಗಳನ್ನು ತೀರ್ಮಾನಿಸುವ ಅಧಿಕಾರಿಗಳಿಗೆ

ಮಾನ್ಯರೇ,

ನನ್ನ ಅಕ್ಕ ಬಾಗಿ ತೀರಿಕೊಂಡು ಹದಿಮೂರು ವರ್ಷಗಳಾದವು. ಮುಲ್ಕಿಯ ಹತ್ತಿರದ ನಮ್ಮ ಊರಿನಿಂದ ಮಂಗಳೂರಿನಾಚೆಗೆ ಆಕೆ ಕಾಲಿಟ್ಟವಳಲ್ಲ. ನಿಮ್ಮ ಅಕಾಡೆಮಿಯ ಗೇಟನ್ನು ಕಂಡವಳಲ್ಲ, ಬಾಕ್ಸಿಂಗ್ ಎಂಬ ಆಟವೊಂದು ಇದೆಯೆಂದು ಕೇಳಿದವಳೂ ಅಲ್ಲ. ಆದರೆ ನಿಮ್ಮ ಕಡತದ ಪ್ರಕಾರ ನನ್ನ ಮಗ ಯೋಗೀಶನಿಗೆ ಇಂದು ಫಿಟ್ಸ್ ಬರುತ್ತಿರುವುದಕ್ಕೆ ಕಾರಣ ನಿಮ್ಮ ಬಾಕ್ಸಿಂಗ್ ಕಣವಲ್ಲ, ಸತ್ತುಹೋದ ಈ ಬಾಗಿ. ಅವಳ ರೋಗ ಅವನ ರಕ್ತದಲ್ಲಿ ಮೊದಲೇ ಇತ್ತಂತೆ. ಬದುಕಿದ್ದಾಗ ಯಾವ ಡಾಕ್ಟರೂ ಕೈ ಹಿಡಿದು ನಾಡಿ ನೋಡದ ಹೆಂಗಸೊಬ್ಬಳಿಗೆ, ಅವಳ ಹೆಸರನ್ನು ನೆಟ್ಟಗೆ ಕೇಳಿಕೊಳ್ಳದೆಯೇ, ಸತ್ತ ಮೇಲೆ ರೋಗ ಕಂಡುಹಿಡಿದ ನಿಮ್ಮ ವೈದ್ಯಕೀಯ ಮಂಡಳಿಯ ಪಾಂಡಿತ್ಯಕ್ಕೆ ನಮಸ್ಕಾರ ಹೇಳಿಯೇ ಈ ಪತ್ರ ಶುರುಮಾಡುತ್ತೇನೆ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಮೂರು ವರ್ಷ ನಿಮಗೆ ಇಂಗ್ಲಿಷಿನಲ್ಲಿ ಬರೆದೆ. ವ್ಯಾಕರಣ ತಪ್ಪಿ ನಿಮ್ಮ ಮುಂದೆ ನಗೆಪಾಟಲಾಗಬಾರದೆಂದು ಡೊಂಬಿವಲಿಯಲ್ಲಿರುವ ನನ್ನ ರಾತ್ರಿಶಾಲೆಯ ಹಳೆಯ ಮೇಷ್ಟರಿಂದ ಪ್ರತಿಯೊಂದನ್ನೂ ತಿದ್ದಿಸಿ ಕಳುಹಿಸಿದೆ. ನೀವು ನಮ್ಮ ಮೇಷ್ಟರಿಗಿಂತ ಚೆಂದದ ಇಂಗ್ಲಿಷಿನಲ್ಲಿ, ಏನನ್ನೂ ಹೇಳದೆ ಉತ್ತರಿಸಿದಿರಿ. ಇನ್ನು ನನ್ನ ಮಾತನ್ನು ನಮ್ಮ ಜನರ ಮುಂದಾದರೂ ಇಡೋಣವೆಂದು ಈ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮಗೆ ಬೇಕೆನಿಸಿದರೆ ಅನುವಾದ ಮಾಡಿಸಿಕೊಳ್ಳಿ. ಆದರೆ ಈ ಸಲ ಎರಡೂ ಭಾಷೆ ಬಲ್ಲವನನ್ನು ಹುಡುಕಿ. ನಮ್ಮ ಮನೆಯ ಅನಾಹುತವೆಲ್ಲ ಆದದ್ದು ಒಂದು ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ.

ದುಡಿದು ಕಲಿಯುವುದು ನಮ್ಮ ಮನೆಗೆ ಹೊಸದಲ್ಲ. ನಾನು ಹನ್ನೆರಡನೆಯ ವಯಸ್ಸಿಗೆ ಠಾಣೆಗೆ ಬಂದವನು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಸ್ಲೇಟು ಹಿಡಿದು ಕನ್ನಡ ರಾತ್ರಿಶಾಲೆಗೆ ಓಡಿ, ಒದ್ದೆ ಬೆರಳಿನಲ್ಲಿ ಅಕ್ಷರ ಬರೆದು ಎಸ್ಸೆಸ್ಸಿ ಮುಗಿಸಿದವನು. ನನ್ನನ್ನು ಬಸ್ಸು ಹತ್ತಿಸಿದವಳು ಇದೇ ಬಾಗಿ ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಬೀಡಿ ಕಟ್ಟುತ್ತಾ ನನ್ನನ್ನು ಸಾಕಿದವಳು. "ಬೇಸರ ಬಂದರೆ ವಾಪಸು ಬಾ, ಆದರೆ ಶಾಲೆ ಬಿಟ್ಟು ಮಾತ್ರ ಬರಬೇಡ" ಎಂದಿದ್ದಳು. ಆದ್ದರಿಂದ ನನ್ನ ಮಗ ಹನ್ನೆರಡನೆಯ ತರಗತಿಯಲ್ಲಿದ್ದಾಗ ನಿಮ್ಮ ಅಕಾಡೆಮಿಯ ಜಾಹೀರಾತು ತೋರಿಸಿದ ದಿನ ನನಗೆ ಆಶ್ಚರ್ಯವಾಗಲಿಲ್ಲ. ಮೂರು ವರ್ಷದ ತರಬೇತಿ, ಜೊತೆಗೇ ವಿಶ್ವವಿದ್ಯಾಲಯದ ಪದವಿ, ಊಟ ವಸತಿ ಪುಸ್ತಕ ಎಲ್ಲ ಸರಕಾರದ್ದು, ಕೊನೆಗೆ ಹೆಗಲಿಗೆ ನಕ್ಷತ್ರ. ಠಾಣೆಯ ಪಕ್ಕದ ಕಳವಾ ಊರಿನ ರೈಲ್ವೆ ಕಾರ್‌ಶೆಡ್ಡಿನ ಹಿಂದಿನ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ಬೆಳೆದ ಹುಡುಗ ಎಂಜಿನಿಯರಿಂಗ್ ಕಾಲೇಜಿನ ಬಾಗಿಲು ತಟ್ಟುವ ಬದಲು ಇದನ್ನು ಆರಿಸಿದ. "ಪಪ್ಪಾ, ಇದು ಫ್ರೀ" ಎಂದ. ಫ್ರೀ ಅಲ್ಲ ಮಗಾ, ಮೈಯಿಂದ ಕೊಡಬೇಕಾದದ್ದು ಎಂದು ನಾನು ಹೇಳಿದೆ. ಮೈಯಿಂದ ಎಂದರೆ ಬೆವರು ಎಂದುಕೊಂಡಿದ್ದೆ.

ಆ ವರ್ಷವಿಡೀ ಅವನು ಬೆಳಿಗ್ಗೆ ಎದ್ದು ಪಾರಸಿಕ್ ಗುಡ್ಡ ಹತ್ತಿ ಇಳಿಯುತ್ತಿದ್ದ. ಚಾಳಿನ ಹೆಂಗಸರು ನಳ್ಳಿಗೆ ಸಾಲು ನಿಲ್ಲುವ ಹೊತ್ತಿಗೆ ಬೆವರಿಳಿಸಿಕೊಂಡು ಬಂದು ತಾಯಿಯ ಕೊಡ ಕೈಗೆತ್ತಿಕೊಳ್ಳುತ್ತಿದ್ದ. ಲಿಖಿತ ಪರೀಕ್ಷೆ ಪಾಸಾಯಿತು. ಐದು ದಿನದ ಸಂದರ್ಶನಕ್ಕೆ ಹೋದಾಗ ನೆರೂಳದ ಕನ್ನಡದ ಹುಡುಗನೊಬ್ಬ ಸಿಕ್ಕಿದ. ಬೆಂಗಳೂರಿನ ಕಡೆಯವರು, ತಂದೆ ಬ್ಯಾಂಕಿನಲ್ಲಿ ಅಧಿಕಾರಿ. ಇಬ್ಬರೂ ಆಯ್ಕೆಯಾದರು, ಇಬ್ಬರೂ ಎರಡು ಸಾವಿರದ ಎಂಟರಲ್ಲಿ ಒಂದೇ ದಿನ ಸೇರಿದರು. ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನೀಗ ನಿಮ್ಮ ಸೈನ್ಯದ ಅಧಿಕಾರಿ, ನಿಮ್ಮ ಜೊತೆ ಇನ್ನೂ ಬಹಳ ವರ್ಷ ಬಾಳುವೆ ಮಾಡಬೇಕಾದವನು. ಸೇರುವ ಮುನ್ನ ನಿಮ್ಮದೇ ಡಾಕ್ಟರುಗಳು ನನ್ನ ಮಗನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಪರಿಪೂರ್ಣ ಆರೋಗ್ಯವಂತ ಎಂದು ಸಹಿ ಹಾಕಿದ್ದರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ನೀವು ಮರೆತಿದ್ದೀರಿ.

ಎರಡೂವರೆ ವರ್ಷ ಅವನು ಅಲ್ಲಿ ಚೆನ್ನಾಗಿಯೇ ಇದ್ದ. ರಜೆಗೆ ಬಂದಾಗ ನಮ್ಮ ಕೋಣೆಯಲ್ಲಿ ಅವನ ಹೆಗಲು ಹಿಡಿಸುತ್ತಿರಲಿಲ್ಲ. ಹೊದಿಕೆಯನ್ನು ಪೆಟ್ಟಿಗೆಯ ಹಾಗೆ ಚೌಕವಾಗಿ ಮಡಚುತ್ತಿದ್ದ. ತಂಗಿ ತೃಷಾ ಅದನ್ನು ಬೇಕೆಂದೇ ಕೆದರುತ್ತಿದ್ದಳು. ಐದನೆಯ ಟರ್ಮಿನಲ್ಲಿ, ಎರಡು ಸಾವಿರದ ಹತ್ತರ ಕೊನೆಗೆ, ಅವನ ತುಕಡಿಗೂ ಇನ್ನೊಂದು ತುಕಡಿಗೂ ಬಾಕ್ಸಿಂಗ್ ಪಂದ್ಯವಾಯಿತು. ಅಲ್ಲಿ ನಾನು ಇರಲಿಲ್ಲ. ಇದ್ದವನು ನೆರೂಳದ ಹುಡುಗ, ಅವನೇ ಮುಂದೆ ನಮ್ಮ ಮನೆಗೆ ಬಂದು ನೆಲದ ಮೇಲೆ ಕುಳಿತು ಹೇಳಿದ. ಎರಡನೆಯ ಸುತ್ತಿನಲ್ಲಿ ಯೋಗೀಶನ ಕಿವಿಯ ಹಿಂಬದಿಗೆ ಪೆಟ್ಟು ಬಿತ್ತು. ಬೀಳುವಾಗ ತಲೆ ಕಣದ ಮೂಲೆಯ ಕಂಬಕ್ಕೆ ಬಡಿಯಿತು. ಸುತ್ತಲೂ ಕೂತವರು ಅವನ ಹೆಸರು ಹಿಡಿದು ಕೂಗಿದರು, ಅವನು ಎದ್ದ. ಎದ್ದು ಮೂರನೆಯ ಸುತ್ತೂ ಆಡಿದ, ಅಂಕಗಳಲ್ಲಿ ಗೆದ್ದೂ ಗೆದ್ದ. ಸಂಜೆ ಎರಡು ಸಲ ವಾಂತಿ ಮಾಡಿದ. ಗೆದ್ದ ತುಕಡಿಯ ವೀರನನ್ನು ಆಸ್ಪತ್ರೆಗೆ ಸೇರಿಸಿದರೆ ಮುಂದಿನ ಪಂದ್ಯಕ್ಕೆ ಯಾರು? ಮರುದಿನ ಅವನು ಎಲ್ಲರ ಜೊತೆ ಕವಾಯತು ಮೈದಾನದಲ್ಲಿ ನಿಂತಿದ್ದ. ತಲೆನೋವೆಂದರೆ ಮಾತ್ರೆ ಕೊಟ್ಟರು.

ಆಮೇಲೆ ಆರನೆಯ ಟರ್ಮ್, ಪದವಿಯ ಕೊನೆಯ ಟರ್ಮ್ ಶುರುವಾಗಿ ಕೆಲವೇ ವಾರಗಳಲ್ಲಿ ತರಗತಿಯಲ್ಲಿ ಕುಳಿತಿದ್ದವನು ಬೆಂಚಿನಿಂದ ಉರುಳಿ ಬಿದ್ದು ಕೈಕಾಲು ಸೆಟೆದು ಅದುರತೊಡಗಿದ. ಫೋನು ಬಂದಾಗ ನಾನು ವರ್ತಕ ನಗರದ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತಿದ್ದೆ. ನಾನೂ ನನ್ನ ಹೆಂಡತಿ ಅಕ್ಕುವೂ ಕಲ್ಯಾಣ್ ಸ್ಟೇಷನ್ನಿಗೆ ಹೋಗಿ ಸಿಕ್ಕಿದ ರೈಲು ಹತ್ತಿದೆವು. ಆಸ್ಪತ್ರೆಯಲ್ಲಿ ಅವನು ಔಷಧದ ಮಂಪರಿನಲ್ಲಿ ಮಲಗಿದ್ದ. ಉಸ್ತುವಾರಿಯ ಡಾಕ್ಟರು ಉತ್ತರದ ಕಡೆಯ ತರುಣ ಮೇಜರ್. ಕೆಟ್ಟವರೆಂದು ಹೇಳಿದರೆ ಪಾಪ ಬರುತ್ತದೆ, ನಮಗೆ ಚಹಾ ತರಿಸಿಕೊಟ್ಟವರು ಅವರು. ನನ್ನನ್ನು ಗೇಟಿನ ಹತ್ತಿರ ಪಾಸು ಮಾಡಿಸಲು ಕಳುಹಿಸಿದರು. ನಾನು ಮರಳುವಷ್ಟರಲ್ಲಿ ಅಕ್ಕುವಿನ ಜೊತೆ ಮಾತಾಡಿ ಮುಗಿಸಿದ್ದರು. ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದ ಅಕ್ಕುವಿನ ಮುಖದಲ್ಲಿ ಅಷ್ಟು ದುಃಖದ ನಡುವೆಯೂ ಒಂದು ಸಮಾಧಾನ ಕಂಡಿತು.

"ಡಾಕ್ಟ್ರು ಭಾರೀ ಒಳ್ಳೆಯವರು ಮಾರಾಯ್ರೆ. ಮನೆಯವರದ್ದೆಲ್ಲ ವಿಚಾರಿಸಿದ್ರು. ನೀವಿಲ್ಲದೆ ನಾನೇ ಹಿಂದಿಯಲ್ಲಿ ಎಲ್ಲ ಹೇಳಿದೆ" ಎಂದಳು.

ಅವಳು ಹೇಳಿದ್ದು ಏನು? ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಮೈ ನಡುಗುವುದಿತ್ತೇ ಎಂದು ಮೇಜರ್ ಕೇಳಿದರಂತೆ. ನನ್ನ ಹೆಂಡತಿ ಸುಳ್ಳು ಹೇಳಲು ಕಲಿತವಳಲ್ಲ. ಮೇಲಾಗಿ ದೈವಕ್ಕೆ ಏನಾದರೂ ಲೋಪವಾಗಿ ಮಗನಿಗೆ ಹೀಗಾಯಿತೋ ಎಂಬ ಅಳುಕು ಅವಳ ಮನಸ್ಸಿನಲ್ಲಿ ಆಗಲೇ ಹೊಕ್ಕಿತ್ತು. ಡಾಕ್ಟರ ಹತ್ತಿರ ಮುಚ್ಚಿಡಬಾರದೆಂದು, "ಮೇರೀ ನನಂದ್ ಕೇ ಅಂಗ್ ಮೇ ಆತಾ ಥಾ" ಎಂದಳು. ಅಂಗಕ್ಕೆ ಬರುವುದು ಎಂದರೆ ಏನೆಂದು ಕಳವಾ ಪೇಟೆಯಲ್ಲಿ ತರಕಾರಿ ಮಾರುವ ಮುದುಕಿಯನ್ನು ಕೇಳಿ, ಹೇಳುತ್ತಾಳೆ. ಮರಾಠಿಯಲ್ಲಿ ಮೈಮೇಲೆ ದೇವರು ಬರುವುದಕ್ಕೆ ಹಾಗೆ ಹೇಳುತ್ತಾರೆ. ನಮ್ಮ ಚಾಳಿನ ಹೆಂಗಸರಿಂದ ಅಕ್ಕು ಕಲಿತ ಮಾತು ಅದು, ಅದನ್ನೇ ತನ್ನ ಹಿಂದಿಗೆ ತಂದುಕೊಂಡಿದ್ದಳು. ಮೇಜರಿಗೆ ಮರಾಠಿ ಬಾರದು. ಗಂಡನ ಅಕ್ಕನ ಮೈಗೆ ಏನೋ ಬರುತ್ತಿತ್ತು ಎಂದು ಕೇಳಿಸಿಕೊಂಡರು. ಕೈಕಾಲು ನಡುಗುತ್ತಿತ್ತೇ ಎಂದರು, ಹೌದೆಂದಳು. ಕಣ್ಣು ಮೇಲಾಗುತ್ತಿತ್ತೇ, ಹೌದು. ಆಮೇಲೆ ಏನಾಯಿತೆಂದು ಅವರಿಗೆ ನೆನಪಿರುತ್ತಿತ್ತೇ, ಇಲ್ಲ. ಎಷ್ಟು ವರ್ಷದಿಂದ, ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಒಂದೊಂದು ಉತ್ತರವೂ ಸತ್ಯ. ಆ ಸತ್ಯಗಳನ್ನೆಲ್ಲ ಪೋಣಿಸಿ ಮೇಜರ್ ಸಾಹೇಬರು ಒಂದು ಸುಳ್ಳು ಬರೆದುಕೊಂಡರು: ತಂದೆಯ ಅಕ್ಕನಿಗೆ ದೀರ್ಘಕಾಲದ ಮೂರ್ಛೆರೋಗ.

ಮಾನ್ಯರೇ, ನಿಮಗೆ ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ನಮ್ಮ ಊರ ಆಲಡೆಯಲ್ಲಿ, ಅಂದರೆ ದೈವಗಳ ಸ್ಥಾನದಲ್ಲಿ, ವರ್ಷಕ್ಕೊಮ್ಮೆ, ಹುಣ್ಣಿಮೆಯ ದಿನ, ಹೆಂಗಸರಿಗೆ ದರ್ಶನ ಬರುತ್ತದೆ. ಅಡಿಕೆಯ ಹಿಂಗಾರದ ಹೂ ಹಿಡಿದು ಸಾಲಾಗಿ ನಿಲ್ಲುತ್ತಾರೆ, ಮೈ ನಡುಗುತ್ತದೆ, ವರ್ಷವಿಡೀ ಮನೆಯಲ್ಲಿ ಬಾಯಿ ತೆರೆಯದವರು ಆ ಒಂದು ದಿನ ತಮ್ಮ ಸಂಕಟವನ್ನೆಲ್ಲ ಗಟ್ಟಿಯಾಗಿ ಹೇಳುತ್ತಾರೆ. ಬಾಗಿ ಅಕ್ಕನನ್ನು ಮದುವೆಯ ವರ್ಷವೇ ಗಂಡ ಬಿಟ್ಟು ಹೋದ. ಆ ಸಾಲಿನಲ್ಲಿ ನಿಂತು ಅವಳು ನಡುಗುವುದನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ, ಹೆದರಿ ಅತ್ತಿದ್ದೇನೆ. ಮುಗಿದ ಮೇಲೆ ತೀರ್ಥ ಚಿಮುಕಿಸುತ್ತಾರೆ. ಅವಳು ಸೆರಗು ಸರಿಮಾಡಿಕೊಂಡು ನನ್ನ ಕೈಹಿಡಿದು ಮನೆಗೆ ನಡೆಯುತ್ತಿದ್ದಳು. ದೊಡ್ಡವನಾಗಿ, ಠಾಣೆಯಲ್ಲಿ ಯೂನಿಯನ್ ಸಭೆಗಳಿಗೆ ಹೋಗತೊಡಗಿದ ಮೇಲೆ ನಾನು ಇದನ್ನೆಲ್ಲ ಮೂಢನಂಬಿಕೆ ಎಂದು ವಾದಿಸುತ್ತಿದ್ದೆ. ಅಕ್ಕನ ಎದುರೂ ವಾದಿಸಿದ್ದೇನೆ. ಈಗ ನೋಡಿ, ಅದೇ ದೈವದ ಪರವಾಗಿ ನಿಮ್ಮ ಮುಂದೆ ವಕಾಲತ್ತು ಹಾಕಿದ್ದೇನೆ. ನಿಮ್ಮ ದಯೆಯಿಂದ ನಾನು ಆಸ್ತಿಕನಾದೆ.

ಆ ಒಂದು ಸಾಲಿನ ಮೇಲೆ ನಿಮ್ಮ ಮಂಡಳಿ ಮನೆ ಕಟ್ಟಿತು. ರೋಗ ವಂಶಪಾರಂಪರ್ಯ. ತರಬೇತಿಯಿಂದ ಉಂಟಾದುದಲ್ಲ, ತರಬೇತಿಯಿಂದ ಉಲ್ಬಣಿಸಿದುದೂ ಅಲ್ಲ. ಬಾಕ್ಸಿಂಗಿನ ಪೆಟ್ಟಿನ ಬಗ್ಗೆ ಒಂದಕ್ಷರವಿಲ್ಲ. ತರಬೇತಿಯಲ್ಲಿ ಗಾಯಗೊಂಡ ಕೆಡೆಟ್ ಆಗಿದ್ದರೆ ಅವನಿಗೆ ಕೊನೆಯ ಟರ್ಮಿನ ಪರೀಕ್ಷೆ ಬರೆಯಲು ಅವಕಾಶವಿತ್ತು, ಹೆಗಲಿಗೆ ನಕ್ಷತ್ರ ಬಾರದಿದ್ದರೂ ಕೈಗೆ ಪದವಿ ಬರುತ್ತಿತ್ತು. ಆದರೆ ರೋಗ ಮೊದಲೇ ಇತ್ತು ಎಂದಮೇಲೆ ಅವನು ಸೇರುವ ದಿನವೇ ಅನರ್ಹನಾಗಿದ್ದವನು. ಅನರ್ಹನ ಹೆಸರು ಹೊಡೆದುಹಾಕಲಾಯಿತು. ವಿಶ್ವವಿದ್ಯಾಲಯವನ್ನು ಕೇಳಿದರೆ ನಿಮ್ಮ ಮಗ ನಮ್ಮ ವಿದ್ಯಾರ್ಥಿಯಲ್ಲ, ಅಕಾಡೆಮಿಯ ವಿದ್ಯಾರ್ಥಿ ಎಂದಿತು. ಅಕಾಡೆಮಿಯನ್ನು ಕೇಳಿದರೆ ಅಂಥ ಕೆಡೆಟ್ ಈಗ ನಮ್ಮಲ್ಲಿಲ್ಲ ಎಂದಿತು. ಠಾಣೆಯ ಕಾಲೇಜುಗಳು ಹೊಸದಾಗಿ ಮೊದಲ ವರ್ಷಕ್ಕೆ ಸೇರಿ ಎಂದವು. ಐದು ಟರ್ಮಿನ ಪರೀಕ್ಷೆಗಳನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ, ಇಪ್ಪತ್ತೊಂದರ ಹುಡುಗ ನಿಮ್ಮ ಲೇಖನಿಯಿಂದ ಮತ್ತೆ ಹನ್ನೆರಡನೆಯ ತರಗತಿ ಪಾಸಾದವನಾದ. ನಾನು ಕೇಳುತ್ತೇನೆ: ಸೇರುವ ದಿನವೇ ಅನರ್ಹನಾಗಿದ್ದರೆ ನಿಮ್ಮ ಡಾಕ್ಟರುಗಳು ಹಾಕಿದ ಸಹಿ ಯಾರದ್ದು? ಅನರ್ಹನನ್ನು ಎರಡೂವರೆ ವರ್ಷ ಓಡಿಸಿ, ಈಜಿಸಿ, ಗುದ್ದಾಡಿಸಿದವರು ಯಾರು? ಆಗ ಬಾಗಿ ಎಲ್ಲಿದ್ದಳು?

ಮೇಲ್ಮನವಿಗೆ ಸಾಕ್ಷ್ಯ ಬೇಕೆಂದಿರಿ. ಸರಿಯೇ ಎಂದು ನಾನು ಊರಿಗೆ ಹೋದೆ. ಆಲಡೆಯ ಮೇಲುಸ್ತುವಾರಿ ನೋಡುವ ಗುತ್ತಿನ ಮನೆಯ ಹಿರಿಯರು ದೇಜಪ್ಪನವರು. ತೊಂಬತ್ತರ ಹತ್ತಿರದ ವಯಸ್ಸು, ಕಿವಿ ಮಂದ. ಜಗಲಿಯಲ್ಲಿ ಕುಳಿತು, ಕಿವಿಗೆ ಕೈ ಹಿಡಿದು ನನ್ನ ಮಾತನ್ನೆಲ್ಲ ಕೇಳಿದರು.

"ದೈವೊಗು ಏರ್ ಸರ್ಟಿಫಿಕೇಟ್ ಕೊರ್ಪೆರ್ ಮಾರಾಯಾ" ಎಂದರು. ದೈವಕ್ಕೆ ಯಾರಪ್ಪ ಸರ್ಟಿಫಿಕೇಟ್ ಕೊಡುತ್ತಾರೆ, ಎಂದು.

ಆದರೂ ಕೊಟ್ಟರು. ಮೊಮ್ಮಗನಿಂದ ಬರೆಸಿ, ತಾವೇ ಸಹಿ ಹಾಕಿದರು. ಅದರಲ್ಲಿದ್ದುದು ಇಷ್ಟು: ಬಾಗಿಗೆ ದರ್ಶನ ಬರುತ್ತಿದ್ದುದು ವರ್ಷದಲ್ಲಿ ಒಂದೇ ದಿನ, ಒಂದೇ ಸ್ಥಳದಲ್ಲಿ. ಅಡುಗೆ ಮನೆಯಲ್ಲಿ ಬಂದದ್ದಿಲ್ಲ, ಬಾವಿಕಟ್ಟೆಯಲ್ಲಿ ಬಂದದ್ದಿಲ್ಲ, ಗದ್ದೆಯಲ್ಲಿ ಬಂದದ್ದಿಲ್ಲ. ಅವಳ ಜೊತೆ ಅದೇ ಸಾಲಿನಲ್ಲಿ ಊರ ಎಷ್ಟೋ ಹೆಂಗಸರು ನಡುಗುತ್ತಿದ್ದರು. ಎಲ್ಲರಿಗೂ ಒಂದೇ ದಿನ ಬಂದು ಒಂದೇ ತೀರ್ಥಕ್ಕೆ ಹೋಗುವ ರೋಗ ಯಾವುದು? ರೋಗಕ್ಕೆ ಪಂಚಾಂಗ ಓದಲು ಬರುತ್ತದೆಯೇ? ಮೇಷ್ಟರು ಇದನ್ನು ಇಂಗ್ಲಿಷಿಗೆ ಇಳಿಸುವಾಗ ಆ ಕೊನೆಯ ಪ್ರಶ್ನೆಯನ್ನು ತಿದ್ದಲು ಮನಸ್ಸು ಬಾರದೆ ಹಾಗೆಯೇ ಬಿಟ್ಟರು.

ನಿಮ್ಮ ಉತ್ತರ ಬಂತು. ಸದರಿ ಹೇಳಿಕೆ ಧಾರ್ಮಿಕ ನಂಬಿಕೆಗೆ ಸಂಬಂಧಿಸಿದ್ದು, ವೈದ್ಯಕೀಯ ಸಾಕ್ಷ್ಯವಾಗುವುದಿಲ್ಲ. ಒಪ್ಪಿದೆ ಸ್ವಾಮಿ. ಊರ ಹಿರಿಯನ ಮಾತು ವೈದ್ಯಕೀಯ ಸಾಕ್ಷ್ಯವಲ್ಲ. ಹಾಗಿದ್ದರೆ ಆಸ್ಪತ್ರೆಯ ಬೆಂಚಿನ ಮೇಲೆ ಅಳುತ್ತಾ ಕುಳಿತಿದ್ದ ತಾಯಿಯೊಬ್ಬಳು ಬಾರದ ಭಾಷೆಯಲ್ಲಿ ಹೇಳಿದ ಮಾತು ಯಾವಾಗಿನಿಂದ ವೈದ್ಯಕೀಯ ಸಾಕ್ಷ್ಯವಾಯಿತು? ಅದೇ ದರ್ಶನ ನಿಮಗೆ ಅನುಕೂಲವಾದಾಗ ರೋಗ, ನಮಗೆ ಅನುಕೂಲವಾದಾಗ ನಂಬಿಕೆ. ನನ್ನ ಯೂನಿಯನ್ ದಿನಗಳಲ್ಲಿ ಮಾಲೀಕರ ವಕೀಲರನ್ನು ಬಹಳ ನೋಡಿದ್ದೇನೆ. ಅವರೂ ಇಷ್ಟು ನುಣುಪಾಗಿ ಎರಡು ಕಡೆ ಮುಖ ತಿರುಗಿಸುತ್ತಿರಲಿಲ್ಲ. ಕಣದಲ್ಲಿ ಕಂಡದ್ದನ್ನು ನೆರೂಳದ ಹುಡುಗ ಬರೆದು ಕಳುಹಿಸಿದ್ದನ್ನೂ ನೀವು ಬಲ್ಲಿರಿ. ಅದಕ್ಕೆ ನನಗೆ ಉತ್ತರ ಬರಲಿಲ್ಲ, ಅವನಿಗೆ ಬಂತು: ನಿನ್ನ ಭವಿಷ್ಯದ ಕಡೆ ಗಮನ ಕೊಡು ಎಂಬ ಹಿತವಚನ. ಇನ್ನು ಬರೆಯಬೇಡ ಎಂದು ನಾನೇ ಅವನಿಗೆ ಹೇಳಿದೆ. ಒಂದು ಮನೆ ಸಾಕು.

ಈ ಮನೆಯೊಳಗೆ ಈಗ ಏನಿದೆ ಎಂದು ನಿಮಗೆ ಹೇಳಬೇಕು. ಅಕ್ಕು ಆ ಆದೇಶದ ಅರ್ಥ ತಿಳಿದ ದಿನದಿಂದ ಹಿಂದಿ ಮಾತಾಡುವುದನ್ನು ಬಿಟ್ಟಳು. ಬಾಯಿ ತಪ್ಪಿ ಕೂಡ ಆಡುವುದಿಲ್ಲ. ಕಳವಾ ಬಜಾರಿನಲ್ಲಿ ಬೆರಳು ತೋರಿಸಿ ತರಕಾರಿ ತರುತ್ತಾಳೆ, ರಿಕ್ಷಾದವನಿಗೆ ಕೈಸನ್ನೆ ಮಾಡುತ್ತಾಳೆ. ಇಪ್ಪತ್ತು ವರ್ಷದಿಂದ ಗೋಡೆಯಾಚೆ ಇದ್ದ ಮರಾಠಿ ನೆರೆಯವಳು ಏನು ತಪ್ಪು ಮಾಡಿದೆನೆಂದು ನನ್ನನ್ನು ಕೇಳಿ ಅತ್ತಳು. ಎಷ್ಟೋ ಸಲ ಹೇಳಿದ್ದೇನೆ, ನಿನ್ನದೇನೂ ತಪ್ಪಿಲ್ಲ ಎಂದು. ಅವಳು ತಲೆಯಾಡಿಸುತ್ತಾಳೆ, ಅಷ್ಟೆ. ಬಾಗಿ ಅಕ್ಕನ ಫೋಟೋ ಗೋಡೆಯಲ್ಲಿತ್ತು, ಒಂದು ದಿನ ತೆಗೆದು ಬಟ್ಟೆಗಳ ಅಡಿಯಲ್ಲಿಟ್ಟಳು. ಏಕೆಂದು ಕೇಳಿದೆ.

"ಅಕ್ಕ ಹೊಸ್ತಿಲಲ್ಲಿ ನಿಂತಿದ್ದಾರೆ. ಕರೆದರೆ ಒಳಗೆ ಬರುವುದಿಲ್ಲ. ಅವರ ಮುಖ ನೋಡುವ ಧೈರ್ಯ ನನಗಿಲ್ಲ" ಎಂದಳು.

ನಾನು ಹೊಸ್ತಿಲ ಕಡೆ ನೋಡಿದೆ. ಮಧ್ಯಾಹ್ನದ ಬಿಸಿಲು, ಚಾಳಿನ ಹೊರಗಿನ ಚಪ್ಪಲಿಗಳು, ಅಷ್ಟೇ ಇದ್ದದ್ದು. ಆದರೆ ಅಂದಿನಿಂದ ಆ ಹೊಸ್ತಿಲು ದಾಟುವಾಗ ನಾನೂ ಸ್ವಲ್ಪ ಮೈ ಓರೆಮಾಡಿ ದಾಟುತ್ತೇನೆ, ಯಾರಿಗೋ ದಾರಿ ಬಿಟ್ಟಂತೆ.

ಯೋಗೀಶ ಸಾಯಲಿಲ್ಲ, ಹಾಗೆಂದು ನೀವು ನಿರುಮ್ಮಳವಾಗಿರಬಹುದು. ಮಾತ್ರೆ ನುಂಗುತ್ತಾನೆ, ಫಿಟ್ಸ್ ಮೊದಲಿಗಿಂತ ಕಡಿಮೆ. ಲೋಕಲ್ ರೈಲಿನಲ್ಲಿ ಒಬ್ಬನೇ ಹೋಗಲು ಬಿಡುವುದಿಲ್ಲ. ಚಾಳಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ನೋಡಿದವರಿಗೆ ಸುಮ್ಮನಿರುವ ಒಳ್ಳೆಯ ಹುಡುಗ. ಆದರೆ ಫಿಟ್ಸ್ ಬಂದು ಹೋದಮೇಲೆ, ಪೂರ್ತಿ ಎಚ್ಚರವಾಗುವ ಮುನ್ನ, ಕೆಲವು ನಿಮಿಷ ಅವನು ನಮ್ಮ ಮಗನಾಗಿರುವುದಿಲ್ಲ, ನಿಮ್ಮ ಕೆಡೆಟ್ ಆಗಿರುತ್ತಾನೆ. ಗೋಡೆ ಹಿಡಿದು ಎದ್ದು ನಿಲ್ಲುತ್ತಾನೆ. ಹಿಮ್ಮಡಿ ಜೋಡಿಸುತ್ತಾನೆ. ತನ್ನ ಕೆಡೆಟ್ ನಂಬರು, ತುಕಡಿಯ ಹೆಸರು ಹೇಳಿ, "ಹಾಜರ್, ಸರ್" ಎನ್ನುತ್ತಾನೆ. ತುಟಿ ಕಚ್ಚಿ ರಕ್ತ ಸೋರುತ್ತಿರುತ್ತದೆ, ಒರೆಸಲು ಕೈ ಎತ್ತುವುದಿಲ್ಲ, ಅಪ್ಪಣೆಯಾಗಿಲ್ಲವಲ್ಲ. ಮೊದಮೊದಲು ನಾವು ಅವನನ್ನು ಅಲುಗಾಡಿಸಿ, ಹೆಸರು ಕೂಗಿ, ಅತ್ತು ಎಬ್ಬಿಸಲು ನೋಡಿದೆವು. ಇನ್ನಷ್ಟು ಬಿಗಿಯಾಗಿ ನಿಲ್ಲುತ್ತಿದ್ದ. ಒಂದು ಭಾನುವಾರ ಊಟದ ಹೊತ್ತಿಗೆ ಹೀಗಾದಾಗ ಏನು ಮಾಡುವುದೆಂದು ತೋಚದೆ ನಾನೂ ಅವನೆದುರು ನೆಟ್ಟಗೆ ನಿಂತೆ. ಬನಿಯನ್ನು, ಲುಂಗಿ, ಕೈಯಲ್ಲಿ ಅನ್ನದ ಅಗುಳು. ಟಿವಿಯಲ್ಲಿ ಪರೇಡಿನಲ್ಲಿ ಕೇಳಿದ್ದನ್ನು ನೆನಪಿಸಿಕೊಂಡು, "ವಿಶ್ರಾಮ್" ಎಂದೆ. ನನ್ನ ಮಗ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ, ನಿಧಾನವಾಗಿ ಉಸಿರು ಬಿಟ್ಟ. ಆಮೇಲೆ ಕುಳಿತ. ಆಮೇಲೆ ನನ್ನನ್ನು ಗುರುತಿಸಿ ಪಪ್ಪಾ ಎಂದ. ಅಂದಿನಿಂದ ಪ್ರತಿ ಸಲವೂ ಆ ಅಪ್ಪಣೆ ಕೊಡುವವನು ನಾನೇ. ಕಪ್ಪು ಬಸಿ ತೊಳೆದ ಕೈ, ರಾತ್ರಿಶಾಲೆಯ ಎಸ್ಸೆಸ್ಸಿ, ನಿಮ್ಮ ಅಕಾಡೆಮಿಯ ಅಧಿಕಾರಿಯ ಕೆಲಸವನ್ನು ನಿರ್ವಹಿಸುತ್ತಿದ್ದೇನೆ. ನೀವು ಅವನ ಹೆಸರು ಹೊಡೆದುಹಾಕಿದಿರಿ, ಆದರೆ ಅವನನ್ನು ಬಿಡುಗಡೆ ಮಾಡಲಿಲ್ಲ. ಇಂಥವರನ್ನು ಮನೆಗೆ ಕಳುಹಿಸುವಾಗ ಕೊನೆಯದಾಗಿ ಒಂದು ವಿಶ್ರಾಮ್ ಹೇಳಿ ಕಳುಹಿಸುವ ಪದ್ಧತಿಯಾದರೂ ನಿಮ್ಮಲ್ಲಿ ಇಲ್ಲವೇ?

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಸೋತವರು ಸೋಲಿಗೆ ಒಗ್ಗಿಕೊಳ್ಳುತ್ತಾರೆ. ಆದರೆ ಈ ವರ್ಷ ನನ್ನ ಮಗಳು ತೃಷಾ ನಿಮ್ಮದೇ ಸೇನಾ ನರ್ಸಿಂಗ್ ಕಾಲೇಜಿನ ಪರೀಕ್ಷೆ ಪಾಸು ಮಾಡಿದಳು. ಅಲ್ಲೂ ಹಾಗೆಯೇ, ಓದಿಸುವುದು ಸರಕಾರ, ಓದು ಮುಗಿದ ಮೇಲೆ ಅಧಿಕಾರಿಯಾಗಿ ಸೇವೆ. ಬೇಡ ಮಗಾ ಎಂದೆ. ಆ ಗೇಟನ್ನು ಮತ್ತೆ ನೋಡುವ ಶಕ್ತಿ ನಮಗಿಲ್ಲ ಎಂದೆ. ಅವಳಿಗೆ ಪಾಠ ಹೇಳಿಕೊಟ್ಟವನು ಯೋಗೀಶನೇ. ಓಡಿಸಲು ಪಾರಸಿಕ್ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದ, ತಾನು ಓಡುವಂತಿಲ್ಲವಾದ್ದರಿಂದ ಬುಡದ ಕಲ್ಲಿನ ಮೇಲೆ ಕುಳಿತು ಕಾಯುತ್ತಿದ್ದ. ವೈದ್ಯಕೀಯ ತಪಾಸಣೆಯಲ್ಲಿ ಎಲ್ಲವೂ ಸರಿಯಿತ್ತು. ಕೊನೆಯಲ್ಲಿ ಕುಟುಂಬದಲ್ಲಿ ಯಾರಿಗಾದರೂ ಮೂರ್ಛೆರೋಗವಿದೆಯೇ ಎಂಬ ಪ್ರಶ್ನೆ ಬಂತು. ಎದುರಿಗಿದ್ದ ಡಾಕ್ಟರಮ್ಮ ಅವಳ ಲೇಖನಿ ನಿಂತುದನ್ನು ನೋಡಿ, ಏನೆಂದು ವಿಚಾರಿಸಿ, ಮೆಲ್ಲಗೆ ಹೇಳಿದರಂತೆ, "ಬೇಟಾ, ಭಾಯಿ ಕಾ ಮತ್ ಲಿಖೋ." ಅಣ್ಣನ ವಿಷಯ ಬರೆಯಬೇಡ, ಎಂದು. ನಿಮ್ಮ ಇಲಾಖೆಯಲ್ಲಿ ನಮಗೆ ಸಿಕ್ಕಿದ ದಯೆ ಇಷ್ಟೇ, ಅದೂ ಸುಳ್ಳಿನ ರೂಪದಲ್ಲಿ. ತೃಷಾ ಬರೆದಳು. ತಕ್ಷಣ ಅಣ್ಣನ ಕಡತ ಹುಡುಕಿ ತರಿಸಲಾಯಿತು. ಅದರೊಳಗೆ ಬಾಗಿ ಕುಳಿತಿದ್ದಳು. ವಂಶಪಾರಂಪರ್ಯ ರೋಗದ ಕುಟುಂಬ, ಸದ್ಯಕ್ಕೆ ಅನರ್ಹ, ಮುಂದಿನ ತಿಂಗಳು ಮರುಪರಿಶೀಲನೆ.

ಮನೆಗೆ ಬಂದಾಗ ನಾನು ಸಿಟ್ಟಿನಲ್ಲಿ ಕೇಳಿದೆ, ಅಷ್ಟು ಹೇಳಿದರೂ ಏಕೆ ಬರೆದೆ ಎಂದು. ನನ್ನ ಮಗಳು ಇಲ್ಲಿಯೇ ಹುಟ್ಟಿದವಳು, ಚಿಕ್ಕಂದಿನಿಂದ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. ತಾಯಿ ಹಿಂದಿ ಬಿಟ್ಟ ಮೇಲೆ ತಾಯಿಯ ಜೊತೆ ಮಾತಾಡಲೆಂದು ತುಳು, ಕನ್ನಡ ಎರಡನ್ನೂ ತಡವರಿಸುತ್ತಾ ಕಲಿತಳು. ಆ ದಿನ ತಾಯಿಯ ಮನಸ್ಸಿಗೂ ಮುಟ್ಟಲಿ ಎಂದೇ ಇರಬೇಕು, ಹಿಂದಿಯಲ್ಲಿ ಉತ್ತರಿಸಲಿಲ್ಲ.

"ಬರೀದಿದ್ರೆ ನನಗೆ ಅಣ್ಣನೇ ಇಲ್ಲ ಅಂತ ಆಗ್ತದಲ್ಲ ಪಪ್ಪಾ" ಎಂದಳು.

ಅಕ್ಕು ಅವಳನ್ನು ಹತ್ತಿರ ಕರೆದು ತಲೆ ನೇವರಿಸಿದಳು. ಯೋಗೀಶ ಎದ್ದು ಹೊರಗೆ ಹೋಗಿ ಗ್ಯಾಲರಿಯ ಕಂಬಿ ಹಿಡಿದು ನಿಂತ. ಈ ಪತ್ರವನ್ನು ಅವನಿಗೆ ಓದಿ ಹೇಳಿದ್ದೇನೆ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಎಲ್ಲ ಕೇಳಿ ಅವನು ಹೇಳಿದ್ದು ಒಂದೇ ಮಾತು, ಬಾಕ್ಸಿಂಗ್ ಬಗ್ಗೆ ಕೆಟ್ಟದಾಗಿ ಬರೆಯಬೇಡಿ ಪಪ್ಪಾ, ಆ ಪಂದ್ಯ ನಾನು ಗೆದ್ದಿದ್ದೆ. ಅದನ್ನೂ ಬರೆದಿದ್ದೇನೆ. ನಿಮ್ಮನ್ನು ಅವನು ಇನ್ನೂ ದ್ವೇಷಿಸುತ್ತಿಲ್ಲ. ಅದು ನನಗೆ ಅರ್ಥವಾಗುವುದಿಲ್ಲ, ನಿಮಗೆ ಅರ್ಥವಾದರೆ ನಾಚಿಕೆಯಾದೀತು.

ಈಗ ನನ್ನ ಬೇಡಿಕೆ. ಪಿಂಚಣಿ ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ, ಯಾರನ್ನೂ ಶಿಕ್ಷಿಸಿ ಎಂದೂ ಕೇಳುತ್ತಿಲ್ಲ. ಮೂರ್ಛೆರೋಗ ನಾಚಿಕೆಯ ವಿಷಯವೆಂದು ನಾನು ಹೋರಾಡುತ್ತಿಲ್ಲ, ನನ್ನ ಮಗನಿಗೇ ಅದಿದೆ, ಅವನನ್ನು ನಾನು ಬಚ್ಚಿಟ್ಟಿಲ್ಲ. ಅದು ಅವನಿಗೆ ಎಲ್ಲಿಂದ ಬಂತೋ ಆ ಜಾಗದ ಹೆಸರನ್ನು ಬರೆಯಿರಿ ಎನ್ನುತ್ತಿದ್ದೇನೆ. ಮುಂದಿನ ತಿಂಗಳ ಮರುಪರಿಶೀಲನೆಯೊಳಗೆ ನನ್ನ ಅಕ್ಕನನ್ನು ನಿಮ್ಮ ಕಡತದಿಂದ ಹೊರಗೆ ಬಿಡಿ. ಬದುಕಿದ್ದಾಗ ಗಂಡನ ಮನೆಯಲ್ಲೂ ಅವಳಿಗೆ ಜಾಗವಿರಲಿಲ್ಲ, ನಿಮ್ಮ ಕಪಾಟಿನಲ್ಲಿ ಶಾಶ್ವತವಾಗಿ ಇರುವುದು ಅವಳಿಗೆ ಬೇಕಿಲ್ಲ. ನನ್ನ ಮಗಳನ್ನು ಅವಳ ಸ್ವಂತ ಮೈಯನ್ನು ನೋಡಿ ತೂಗಿ. ನನ್ನ ಮಗನಿಗೆ ಅವನು ಬರೆಯದೆ ಉಳಿದ ಆರನೆಯ ಟರ್ಮಿನ ಪರೀಕ್ಷೆಗೆ ಕೂರಲು ಬಿಡಿ, ಎಲ್ಲಿಯಾದರೂ ಸರಿ, ಯಾವ ಮೂಲೆಯ ಕೋಣೆಯಾದರೂ ಸರಿ. ದಯೆಯ ಅಂಕ ಒಂದೂ ಬೇಡ. ಅವನು ಫೇಲಾದರೆ ಆಗಲಿ. ಫೇಲಾಗುವ ಹಕ್ಕನ್ನಾದರೂ ನನ್ನ ಮಗ ಸಂಪಾದಿಸಿದ್ದಾನೆ.

ಇಂತಿ,
ಇಷ್ಟಾದ ಮೇಲೂ ನಿಮ್ಮಿಂದ ಉತ್ತರ ಬಂದೀತೆಂದು ಅಂಚೆಯವನ ದಾರಿ ನೋಡುವಷ್ಟು ದಡ್ಡ,
ಮೋಹನದಾಸ
ಕಳವಾ, ಜುಲೈ ೨೦೧೪